ಬಚ್ಚಲಲ್ಲಿ ತೂಗಿದ ಜಲಾಂತರ್ಗಾಮಿ

ನಮ್ಮೂರಿನಲ್ಲಿ ಬೆಳಗ್ಗೆ ಎದುರಾದವರನ್ನು ಯಾರೂ ‘ತಿಂಡಿ ಆಯ್ತಾ’ ಎಂದು ಕೇಳುವುದಿಲ್ಲ. ‘ನೀರು ಹೇಗಿದೆ?’ ಎಂದು ಕೇಳುತ್ತಾರೆ. ಹಗುರವಾಗಿದ್ದರೆ ತುಂಬಿದ ಬಿಂದಿಗೆ ಹೂವಿನ ಬುಟ್ಟಿಯಂತೆ ಸೊಂಟಕ್ಕೇರುತ್ತದೆ. ಆದರೆ ಆ ದಿನ ಕೆರೆಗೆ ದೋಣಿ ಇಳಿಸುವಂತಿಲ್ಲ, ಎಮ್ಮೆಯನ್ನೂ ಬಿಡುವಂತಿಲ್ಲ. ಇಳಿದದ್ದು ನೇರ ತಳಕ್ಕೆ. ಭಾರವಾಗಿದ್ದರೆ ಕೆರೆಯಲ್ಲಿ ಇಟ್ಟಿಗೆಯೂ ತೇಲುತ್ತದೆ. ಆದರೆ ಒಂದು ಬಿಂದಿಗೆ ಎತ್ತಲು ಇಬ್ಬರು ಬೇಕು, ಮಜ್ಜಿಗೆ ಕುಡಿದವರು ಮಧ್ಯಾಹ್ನದವರೆಗೆ ಏಳುವುದಿಲ್ಲ. ಕೆರೆಯ ತೂಕ ಬದಲಾಗುವುದು ದಿನಾ ಬೆಳಕು ಹರಿಯುವ ಹೊತ್ತಿಗೆ. ಒಮ್ಮೆ ಸೇದಿಟ್ಟ ನೀರು ಮಾತ್ರ ಬದಲಾಗುವುದಿಲ್ಲ, ಅದು ಸೇದಿದ ದಿನದ ತೂಕವನ್ನೇ ಹಿಡಿದುಕೊಂಡಿರುತ್ತದೆ. ಆದ್ದರಿಂದ ಬುದ್ಧಿವಂತ ಹೆಂಗಸರು ಹಗುರದ ದಿನ ಹಂಡೆಗಟ್ಟಲೆ ತುಂಬಿಟ್ಟು ಬಾಣಂತಿಯ ಸ್ನಾನಕ್ಕೆ ಬಳಸುತ್ತಾರೆ, ಭಾರದ ದಿನದ ನೀರನ್ನು ಚೊಂಬಿನಲ್ಲಿ ಹಿಡಿದು ಉಪ್ಪಿನಕಾಯಿಯ ಮೇಲೆ ಹೇರುತ್ತಾರೆ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಇದಕ್ಕೆ ಕಾರಣ ಹುಡುಕಿದ್ದೆ. ಆಮೇಲೆ ಉಪ್ಪಿನಕಾಯಿ ಹಾಕಲು ಕಲಿತೆ.

ಇನ್ನೊಂದು ಪದ್ಧತಿಯೂ ಇದೆ. ನೀರು ಭಾರವಾದ ಬೆಳಗ್ಗೆ, ಎತ್ತಲಾರದವರ ಮನೆಯ ಮೆಟ್ಟಿಲ ಮೇಲೆ ಯಾರೋ ಒಂದು ಬಿಂದಿಗೆ ಹಗುರದ ನೀರು ಇಟ್ಟುಹೋಗುತ್ತಾರೆ. ಯಾರು ಎಂದು ಕೇಳಬಾರದು. ಖಾಲಿ ಬಿಂದಿಗೆಯನ್ನು ತೊಳೆದು ಅಲ್ಲೇ ಇಟ್ಟರಾಯಿತು. ನನ್ನ ಮಂಡಿ ಕೈಕೊಟ್ಟಂದಿನಿಂದ ನನ್ನ ಮೆಟ್ಟಿಲಿಗೂ ಬಿಂದಿಗೆ ಬರತೊಡಗಿತು, ಬಾಯಿಗೆ ಒಂದು ತುಂಡು ಬಾಳೆಲೆ ಮುಚ್ಚಿಕೊಂಡು. ಕೇಳಬಾರದೆಂದಿದೆಯೇ ಹೊರತು ಕಿಟಕಿಯಿಂದ ನೋಡಬಾರದೆಂದಿಲ್ಲ. ಅದನ್ನು ತರುತ್ತಿದ್ದವಳು ದೇವೀರಿ.

ದೇವೀರಿ ಪುರಸಭೆಯ ನೀರು ತೂಗುವ ಕೆಲಸದವಳು. ಕೆರೆಯೊಳಕ್ಕೆ ಚಾಚಿಕೊಂಡಿರುವ ತೂಕದ ಕಟ್ಟೆ ಎಂದರೆ ಕಲ್ಲುಕಂಬಗಳ ಮೇಲೆ ಹಾಸಿದ ದೊಡ್ಡ ಚಪ್ಪಡಿ. ದಿನಾ ಬೆಳಗ್ಗೆ ಅದರ ತುದಿಯಲ್ಲಿ ಕೂತು ಪುರಸಭೆಯ ಹಿತ್ತಾಳೆ ಕೊಳಗವನ್ನು ಅದ್ದಿ, ತುಂಬಿ, ಮುಚ್ಚಳ ಹಾಕಿ, ಕೊಂಡಿ ಬಿಗಿದು ತಕ್ಕಡಿಗೆ ತೂಗುಹಾಕುತ್ತಿದ್ದಳು. ಹಗುರವಾದರೆ ಕೆಂಪು ಬಾವುಟ. ಬಾವುಟ ಏರಿದರೆ ಆ ದಿನ ದೋಣಿ ಇಲ್ಲ. ಅವಳು ಬಂದ ಮೇಲೆ ನಮ್ಮೂರ ದೋಣಿ ಒಮ್ಮೆಯೂ ಮುಳುಗಿಲ್ಲ. ಇದನ್ನು ಯಾರೂ ಸಾಧನೆ ಎಂದು ಗುರುತಿಸಿರಲಿಲ್ಲ, ಮುಳುಗದ ದೋಣಿಗೆ ಸನ್ಮಾನ ಮಾಡುವ ಪದ್ಧತಿ ಎಲ್ಲಿಯೂ ಇಲ್ಲವಲ್ಲ.

ಪುರಸಭೆಯ ಅಧ್ಯಕ್ಷ ವಿರೂಪಾಕ್ಷಯ್ಯನವರು ಹುಟ್ಟಿದಾಗಿನಿಂದ ಒಂದು ಚೊಂಬು ನೀರನ್ನೂ ತಾವಾಗಿ ಎತ್ತಿದವರಲ್ಲ. ಹಾಗಾಗಿ ನೀರಿನ ವಿಷಯದಲ್ಲಿ ಅವರ ಅಭಿಪ್ರಾಯಗಳು ಬಹಳ ಗಟ್ಟಿಯಾಗಿದ್ದವು. ಮಾಘದಲ್ಲಿ ಅವರು ‘ಸಮತೂಕದ ನೀರು ಯೋಜನೆ’ ಎಂಬ ಫಲಕವೊಂದನ್ನು ಕೆತ್ತಿಸಿದರು. ಯೋಜನೆ ಏನೆಂದು ಫಲಕದಲ್ಲಿ ಜಾಗ ಸಾಲದೆ ಬರೆದಿರಲಿಲ್ಲ. ಅದನ್ನು ಅನಾವರಣ ಮಾಡಲು ಆಚೆ ದಡದಿಂದ ದೊಡ್ಡ ಅತಿಥಿಯೊಬ್ಬರು ದೋಣಿಯಲ್ಲಿ ಬರಬೇಕಿತ್ತು. ಆ ದಿನ ನೀರು ಮಧ್ಯಮ ತೂಕದಲ್ಲಿರತಕ್ಕದ್ದು ಎಂದು ಪುರಸಭೆ ಒಮ್ಮತದ ನಿರ್ಣಯ ಮಾಡಿತ್ತು. ಕೆರೆ ಆ ಸಭೆಗೆ ಹಾಜರಾಗಿರಲಿಲ್ಲ.

ಆ ಬೆಳಗ್ಗೆ ದೇವೀರಿ ಕೊಳಗ ತೂಗಿ ಕೆಂಪು ಬಾವುಟಕ್ಕೆ ಕೈಹಾಕಿದಳು. ವಾಯುವಿಹಾರದ ನೆಪದಲ್ಲಿ ಅಲ್ಲೇ ಕೂತಿದ್ದ ನಾನು ಎಲ್ಲವನ್ನೂ ಕೇಳಿಸಿಕೊಂಡೆ.

“ಏನಮ್ಮಾ ಅದು?” ಎಂದರು ಅಧ್ಯಕ್ಷರು.

“ಹಗುರ ಐತೆ ಬುದ್ಧಿ. ಈ ವರ್ಷದಾಗೆ ಇಷ್ಟು ಹಗುರ ಬಂದೇ ಇಲ್ಲ.”

“ಆಚೆ ದಡದಲ್ಲಿ ಅವರು ಹಾರ ಹಾಕ್ಕೊಂಡು ನಿಂತಿದ್ದಾರೆ. ಮಧ್ಯಮ ಅಂತ ಹೇಳು.”

“ಹೇಳ್ತೀನಿ ಬುದ್ಧಿ. ದೋಣಿ ಕೇಳ್ಬೇಕಲ್ಲ?”

ಅಧ್ಯಕ್ಷರು ಕೊಳಗಕ್ಕೆ ಕೈಹಾಕಿದರು. ಇವಳು ಬಿಡಲಿಲ್ಲ. ಜಗ್ಗಾಟದಲ್ಲಿ ಕೊಳಗ ಜಾರಿ ಕೆರೆಗೆ ಬಿದ್ದು, ಉರುಳಿ, ಚಪ್ಪಡಿಯ ಅಡಿಗೆ ಸೇರಿಕೊಂಡಿತು. ದೋಣಿಯವನು ಅಷ್ಟರಲ್ಲಿ ಹೊಟ್ಟೆನೋವೆಂದು ಮನೆಗೆ ಹೋಗಿದ್ದ. ಅತಿಥಿಗಳು ಹಾರದ ಸಮೇತ ಹಿಂದಿರುಗಿದರು. ಸಂಜೆಯೊಳಗೆ ಪುರಸಭೆಯ ಆದೇಶ ಹೊರಟಿತು: ದೇವೀರಿ ಸುಳ್ಳು ತೂಕ ಹೇಳಿದ್ದಾಳೆ, ಅದನ್ನು ಮುಚ್ಚಿಡಲು ಕೊಳಗವನ್ನೇ ನೀರಿಗೆ ಎಸೆದಿದ್ದಾಳೆ. ಯುಗಾದಿಯ ನಂತರ ವಿಚಾರಣೆ, ಅಲ್ಲಿಯವರೆಗೆ ಕೆಲಸವಿಲ್ಲ. ತಪ್ಪು ರುಜುವಾದರೆ ಕೆಲಸವೂ ಹೋಯಿತು, ಪುರಸಭೆ ಕೊಟ್ಟ ಮನೆಯೂ ಹೋಯಿತು. ಅವಳಿಗೆ ಬೇರೆ ಊರೂ ಇರಲಿಲ್ಲ, ಬೇರೆ ಜನವೂ ಇರಲಿಲ್ಲ.

ಆ ದಿನ ನೀರು ಹಗುರವಾಗಿತ್ತೆಂದು ಬಿಂದಿಗೆ ಎತ್ತಿದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಆದರೆ ಊರಿಗೆಲ್ಲ ಗೊತ್ತಿರುವುದು ಸಾಕ್ಷಿಯಲ್ಲ. ನಾನು ಪುರಸಭೆಗೆ ಹೋಗಿ, ಆ ದಿನದ ನೀರು ಊರವರ ಹಂಡೆಗಳಲ್ಲೇ ಇದೆ, ಬಂದು ತೂಗಿ ಎಂದೆ.

“ಕುಸುಮಮ್ಮನವರೇ, ಮನೆ ನೀರಿಗೆ ತಾರೀಖಿಲ್ಲ” ಎಂದರು ಅಧ್ಯಕ್ಷರು, ಕುರ್ಚಿ ಹಾಕಿಸುತ್ತಾ. ಕುರ್ಚಿ ಹಾಕಿಸಿದ್ದನ್ನು ಹೇಳಲೇಬೇಕು. ನನ್ನ ಮಂಡಿಯನ್ನು ಅವರು ಗಮನಿಸಿದ್ದರು. “ಕೊಳಗಕ್ಕೆ ಕೊಂಡಿ ಬಿಗಿದಿದೆ. ಅದರೊಳಗಿನ ನೀರಷ್ಟೇ ಅಧಿಕೃತ. ಕೊಳಗ ತನ್ನಿ, ನೋಡೋಣ.”

ತರುವುದು ಹೇಗೆ? ಹಗುರದ ದಿನ ಕೆರೆಗಿಳಿದವನು ಮೇಲೆ ಬರುವುದಿಲ್ಲ. ಭಾರದ ದಿನ ಎಷ್ಟು ಒದ್ದಾಡಿದರೂ ಬೆಂಡಿನಂತೆ ತೇಲುತ್ತಾನೆ. ಮಧ್ಯಮದ ದಿನ ಮುಳುಗಬಹುದಿತ್ತು. ಆದರೆ ಅಷ್ಟರಲ್ಲಿ ಊರಿಗೆ ಹೊಸ ಭಯವೊಂದು ಬಂದಿತ್ತು. ಕೆಲವು ದಿನ ಚಪ್ಪಡಿಯ ಅಡಿಯಲ್ಲಿ ಏನೋ ಟಣ್ ಟಣ್ ಎಂದು ಬಡಿದುಕೊಳ್ಳುತ್ತದೆ ಎಂದು ಬಟ್ಟೆ ಒಗೆಯುವವರು ಓಡಿಬಂದಿದ್ದರು. ಪುರಸಭೆ ಕೂಡಲೇ ‘ಇಲ್ಲಿ ಮೊಸಳೆ ಇದೆ’ ಎಂದು ಬೋರ್ಡು ನೆಟ್ಟಿತು. ಟಣ್ ಎನ್ನುವ ಮೊಸಳೆ ಯಾವ ಜಾತಿಯದೆಂದು ಯಾರೂ ಕೇಳಲಿಲ್ಲ. ಗಳಕ್ಕೆ ಕೊಕ್ಕೆ ಕಟ್ಟಿ ನೋಡಿದ್ದಾಯಿತು. ಕಂಬಗಳ ಸಂದಿಯಲ್ಲಿ ಗಳ ತಿರುಗಲಿಲ್ಲ. ನೀರೊಳಗೆ ಅಡ್ಡಡ್ಡ ಹೋಗಿ ಬರುವಂಥದ್ದು ಏನಾದರೂ ಬೇಕಿತ್ತು.

ಇಷ್ಟನ್ನು ನಾನು ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಹೇಳಿದ್ದೇ ತಪ್ಪಾಯಿತು. ನನ್ನ ತಮ್ಮ ಶ್ರೀಕಂಠ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದ ಮೇಲೆ ನನ್ನ ಮನೆಯ ಹೊರಕೋಣೆಯಲ್ಲಿದ್ದಾನೆ. ಮದುವೆಯಾಗಲಿಲ್ಲ; ಆಟಿಕೆ ವಿಮಾನ, ಆಟಿಕೆ ರೈಲು ಅಂತ ಬಿಡುವಾಗಲಿಲ್ಲ. ಅವನ ಕೊನೆಯ ವಿಮಾನ ಅಂಚೆ ಕಚೇರಿಯ ಹಂಚು ಒಡೆದು ಒಳಗೆ ಹೋಗಿತ್ತು. ಅಂಚೆಯವರು ಅದನ್ನು ಬಂದ ಪಾರ್ಸಲ್ಲೆಂದು ತಿಳಿದು ಮನೆಗೇ ತಲುಪಿಸಿದ್ದರು, ಪಾಪ.

“ಜಲಾಂತರ್ಗಾಮಿ” ಎಂದ ಕಂಠಿ, ತುತ್ತನ್ನು ಅರ್ಧಕ್ಕೆ ಹಿಡಿದು. “ರಿಮೋಟಿನದು.”

“ಮೊದಲು ಊಟ ಮಾಡೋ.”

“ಅಕ್ಕ, ನಿನ್ನ ಹಳೇ ಕುಕ್ಕರಿನ ಗ್ಯಾಸ್ಕೆಟ್ ಎಲ್ಲಿದೆ?”

“ಹೊಸ ಕುಕ್ಕರಿನದು ಮುಟ್ಟಿದರೆ ಕೈ ಮುರೀತೀನಿ.”

ಮುಟ್ಟಿದ. ಮೊಳದುದ್ದದ ಪ್ಲಾಸ್ಟಿಕ್ ಕೊಳವೆ ಅದರ ಒಡಲಾಯಿತು. ಎರಡು ತುದಿಗೆ ಮುಚ್ಚಳ, ಮುಚ್ಚಳದ ಸುತ್ತ ಕತ್ತರಿಸಿದ ಗ್ಯಾಸ್ಕೆಟ್ ರಬ್ಬರು. ಹಿಂದೆ ಸಣ್ಣ ಮೋಟಾರು, ಹಿತ್ತಾಳೆ ರೆಕ್ಕೆ. ಮೋಟಾರಿನ ಕಡ್ಡಿ ಹೊರಬರುವ ತೂತಿನಲ್ಲಿ ನೀರು ನುಗ್ಗದಂತೆ ಗ್ರೀಸು ತುಂಬಿದ. ಹೊಟ್ಟೆಯೊಳಗೆ ದನದ ಡಾಕ್ಟರು ಕೊಟ್ಟ ದೊಡ್ಡ ಸಿರಿಂಜು. ಇನ್ನೊಂದು ಮೋಟಾರು ಅದರ ಹಿಡಿಯನ್ನು ಹಿಂದಕ್ಕೆಳೆದರೆ ನೀರು ಒಳಗೆ ಬಂದು ಯಂತ್ರ ಮುಳುಗುತ್ತದೆ, ಮುಂದೆ ತಳ್ಳಿದರೆ ನೀರು ಹೊರಬಿದ್ದು ಏಳುತ್ತದೆ. ಹಳೆಯ ಆಟಿಕೆ ಕಾರಿನ ರಿಮೋಟನ್ನೇ ಅದಕ್ಕೆ ಕೂಡಿಸಿದ. ಮೂಗಿಗೆ ಒಂದು ಟಾರ್ಚು, ಅದರ ಕೆಳಗೆ ಕೊಕ್ಕೆ. ಎಲ್ಲ ಮುಗಿದ ಮೇಲೆ ಬಿಳಿ ಬಣ್ಣದಲ್ಲಿ ‘ಶ್ರೀಕಂಠ – ೧’ ಎಂದು ಬರೆದ. ಎರಡನೆಯದೂ ಬರಲಿದೆ ಎಂಬ ಬೆದರಿಕೆ ಅದರಲ್ಲಿತ್ತು.

ಮಾಡುವುದು ಒಂದು ಪಾಲು, ಹದಗೊಳಿಸುವುದು ಹತ್ತು ಪಾಲು ಎಂದು ನನಗೆ ಆಮೇಲೆ ತಿಳಿಯಿತು. ಬಚ್ಚಲ ತೊಟ್ಟಿಯಲ್ಲಿ ಬಿಟ್ಟರೆ ಮೊದಲ ದಿನ ಗುಳುಗುಳು ಎಂದು ಗುಳ್ಳೆ. ಗ್ಯಾಸ್ಕೆಟ್ ಸರಿಯಾಗಿ ಕೂತಿರಲಿಲ್ಲ. ಆಮೇಲೆ ಬಾಲ ಮೇಲೆ, ಮೂಗು ಕೆಳಗೆ. ಬ್ಯಾಟರಿಯನ್ನು ಒಂದು ಬೆರಳಷ್ಟು ಹಿಂದೆ ಸರಿಸಿದ. ಆಮೇಲೆ ಎಮ್ಮೆಯಂತೆ ಮಗ್ಗುಲಾಗಿ ಮಲಗಿತು. ಅಡಿಗೆ ಮೀನುಬಲೆಯ ಸೀಸದ ಗುಂಡು ಕಟ್ಟಿದ, ಬೆನ್ನಿಗೆ ಥರ್ಮಾಕೋಲು ಅಂಟಿಸಿ ಚಾಕುವಿನಲ್ಲಿ ಉಗುರಷ್ಟು ಉಗುರಷ್ಟೇ ಹೆರೆದ. ಬೆನ್ನು ನೀರಿಗೆ ಸಮನಾಗಿ ನಿಂತು, ಸಿರಿಂಜು ಒಂದು ಗುಟುಕು ಕುಡಿದರೆ ಮುಳುಗಬೇಕು, ಉಗುಳಿದರೆ ಏಳಬೇಕು. ಅಷ್ಟು ದಿನವೂ ನಾನು ಅಡುಗೆಮನೆಯ ಮೂಲೆಯಲ್ಲಿ ಮಿಂದೆ. ಕೊನೆಗೊಂದು ಬೆಳಗ್ಗೆ ಅದು ತೊಟ್ಟಿಯ ನಡುನೀರಿನಲ್ಲಿ, ಮೇಲೂ ಇಲ್ಲದೆ ಕೆಳಗೂ ಇಲ್ಲದೆ ಸುಮ್ಮನೆ ನಿಂತಿತು. ಕಂಠಿ ತೊಟ್ಟಿಯ ಅಂಚಿಗೆ ಗಲ್ಲ ಊರಿ ನೋಡುತ್ತಾ ಕೂತ. ಗ್ಯಾಸ್ಕೆಟ್ಟನ್ನು ಆ ಹೊತ್ತಿನ ಮಟ್ಟಿಗೆ ಮನ್ನಿಸಿದೆ.

ಕೆರೆಯಲ್ಲಿ ಬಿಡಲು ಪುರಸಭೆಯ ಅನುಮತಿ ಬೇಕು. ಅದು ದೋಣಿಯೋ ಮೀನೋ ಎಂದು ತೀರ್ಮಾನವಾಗುವುದಕ್ಕೇ ಒಂದು ಸಭೆ ಹಿಡಿಯಿತು. ಒಂದು ಸಲಕ್ಕೆ ಮಾತ್ರ ಎಂದು ಅನುಮತಿ ಸಿಕ್ಕಿತು. ಊರೆಲ್ಲ ಬಂದಿತು, ಅಧ್ಯಕ್ಷರೂ ಬಂದರು. ಕಂಠಿ ಕೊರಳಿಗೆ ರಿಮೋಟು ನೇತುಹಾಕಿಕೊಂಡು ನೀರಿಗೆ ಬಿಟ್ಟರೆ, ಶ್ರೀಕಂಠ – ೧ ಕೆರೆಯ ಮೇಲೆ ತೆಂಗಿನ ಚಿಪ್ಪಿನಂತೆ ಕೂತಿತು. ಸಿರಿಂಜು ಕುಡಿಯುವಷ್ಟು ಕುಡಿಯಿತು. ಅದು ಅಲ್ಲಾಡಲಿಲ್ಲ. ಒಂದು ಕೊಕ್ಕರೆ ಬಂದು ಅದರ ಮೇಲೆ ಕೂತಿತು.

“ಮೇಷ್ಟ್ರೇ, ಮುಳುಗೋದು ಯಾವಾಗ?” ಎಂದರು ಅಧ್ಯಕ್ಷರು. “ನಮ್ಮ ದೋಣಿಯವನಿಗೆ ಕೊಟ್ಟುಬಿಡಿ, ಒಳ್ಳೇ ದೋಣಿ ಆಗುತ್ತೆ.”

ನಗು ಕೆರೆಯ ಆಚೆ ದಡಕ್ಕೆ ಹೋಗಿ ಬಂತು. ಗುಂಪಿನ ಹಿಂದೆ ನಿಂತಿದ್ದ ದೇವೀರಿ ಮಾತ್ರ ನಗಲಿಲ್ಲ. ಮೆಟ್ಟಿಲಿಳಿಯುವಾಗ ನನ್ನ ಮೊಣಕೈಗೆ ಅವಳ ಕೈ ಬಂತು.

“ಬಿಡ್ರವ್ವಾ. ಬಚ್ಚಲ್ಲಾಗೆ ಮುಳುಗಿತ್ತಂತಲ್ಲ?”

“ಮುಳುಗಿತ್ತಮ್ಮ. ನಡುನೀರಲ್ಲಿ ನಿಂತಿತ್ತು.”

“ತೊಟ್ಟಿಗೆ ಯಾವತ್ತಿನ ನೀರು ತುಂಬಿದ್ರಿ?”

ನಾನು ಅಲ್ಲೇ ನಿಂತುಬಿಟ್ಟೆ. ತೊಟ್ಟಿಗೆ ನೀರು ಹೊಯ್ದವಳು ನಾನು. ಭಾರ ಎತ್ತಲಾರದ ನನ್ನ ಮನೆಯಲ್ಲಿ ಇದ್ದದ್ದು ಒಂದೇ ನೀರು: ಮೆಟ್ಟಿಲ ಮೇಲೆ ಬಂದದ್ದು. ಯಾವ ಕೊಳಗಕ್ಕಾಗಿ ಇಷ್ಟೆಲ್ಲ ನಡೆದಿತ್ತೋ ಅದರೊಳಗಿನಷ್ಟೇ ಹಗುರದ ನೀರು. ಅವಳೇ ಹೊತ್ತು ತಂದ ಬಿಂದಿಗೆಗಳಲ್ಲಿ ಅವಳ ಪಾಲಿನ ಯಂತ್ರವನ್ನು ತೂಗಿ ಕೆಡಿಸಿದ್ದೆವು. ಪ್ರೀತಿಯ ನೀರಿನಲ್ಲಿ ಹದಗೊಳಿಸಿದ್ದು ಪುರಸಭೆಯ ನೀರಿನಲ್ಲಿ ನಿಲ್ಲುವುದಿಲ್ಲ ಎಂದು ನನಗೆ ಹೊಳೆಯಬೇಕಿತ್ತು. ಅದನ್ನು ಅವಳಿಗೆ ಹೇಳುವ ಹಾಗಿರಲಿಲ್ಲ. ಹೇಳಿದರೆ ಬಿಂದಿಗೆಯ ವಿಷಯ ಬಾಯಿಬಿಟ್ಟಂತಾಗುತ್ತಿತ್ತು. ಅವಳೂ ಮುಂದೆ ಕೇಳಲಿಲ್ಲ. ಇಬ್ಬರೂ ನೆಲ ನೋಡಿಕೊಂಡು ಮೆಟ್ಟಿಲಿಳಿದೆವು.

ಕಂಠಿಗೆ ವಿಷಯ ತಿಳಿಸಿದೆ. “ಬಿ.ಎಸ್ಸಿ. ಮಾಡಿದವಳು ನೀನು” ಎಂದ. “ಗ್ಯಾಸ್ಕೆಟ್ ಕದ್ದವನು ನೀನು” ಎಂದೆ. ಲೆಕ್ಕ ಸಮವಾಯಿತು.

ಎರಡನೆಯ ಅನುಮತಿ ಕೇಳಲು ಹೋದಾಗ ಅಧ್ಯಕ್ಷರು ಬಹಳ ಉದಾರವಾಗಿದ್ದರು. “ಇನ್ನೊಂದ್ಸಲ ನಗಿಸಿಬಿಡಿ ಮೇಷ್ಟ್ರೇ. ಹಬ್ಬದ ಮಾರನೇ ದಿನ ಬನ್ನಿ, ಜನಕ್ಕೂ ರಜಾ ಇರುತ್ತೆ.” ವಿಚಾರಣೆ ಅದರ ಮರುದಿನ.

ಯುಗಾದಿಯ ಮಾರನೆಯ ಬೆಳಗ್ಗೆ ನನ್ನ ಮೆಟ್ಟಿಲ ಮೇಲೆ ಬಾಳೆಲೆ ಮುಚ್ಚಿದ ಬಿಂದಿಗೆ ಇತ್ತು. ಎಂದರೆ ಕೆರೆ ಭಾರ. ಭಾರವೆಂದರೆ ಅಂಥಿಂಥ ಭಾರವಲ್ಲ, ಮೆಟ್ಟಿಲ ಬಳಿ ಇಟ್ಟಿಗೆ ಚೂರುಗಳು ಎಲೆಗಳ ಜೊತೆ ತೇಲುತ್ತಿದ್ದವು. ಮಧ್ಯಮದ ನೀರಿನ ಲೆಕ್ಕದಲ್ಲಿ ಕಂಠಿ ಹೊಸದಾಗಿ ಕಟ್ಟಿದ್ದ ಸೀಸ ಯಾವ ಮೂಲೆಗೂ ಸಾಲಲಿಲ್ಲ. ತಂದಿದ್ದ ಸೀಸವನ್ನೆಲ್ಲ ಒಂದು ಬಟ್ಟೆಚೀಲಕ್ಕೆ ತುಂಬಿ ಒಡಲ ಕೆಳಗೆ ಕಟ್ಟಿದ. ಕೊಕ್ಕರೆಗೆ ಕೂರಲು ಇನ್ನೂ ಜಾಗವಿತ್ತು.

“ಮುಗೀತು ಅಕ್ಕ” ಎಂದ ಮೆಲ್ಲಗೆ. ರಿಮೋಟನ್ನು ಕೊರಳಿನಿಂದ ತೆಗೆಯಹೋದ. ಅಂಚೆ ಕಚೇರಿಯ ಹಂಚು ಒಡೆದಾಗಲೂ ಅವನು ಹಾಗೆ ಮಾಡಿರಲಿಲ್ಲ.

ಆಗ ತರಕಾರಿಯ ಮಾದಪ್ಪ ಗುಂಪಿನಿಂದ ಬಂದು ತನ್ನ ತಕ್ಕಡಿಯ ಬಟ್ಟನ್ನು ಚೀಲಕ್ಕೆ ಹಾಕಿದ. “ಇಟ್ಕೊಳ್ಳಿ ಮೇಷ್ಟ್ರೇ. ಹೆಂಗೂ ಇದು ಒಂದು ಕೇಜಿ ಅಲ್ಲ ಅಂತ ನಿಮ್ಮಕ್ಕ ದಿನಾ ಬೈತಾರೆ.” ದೋಣಿಯವನು ಒಂದು ತುಂಡು ಸರಪಳಿ ತಂದ. ಒಬ್ಬಾಕೆ ಸೊಂಟದ ಸಂಚಿಯಿಂದ ಅಡಕತ್ತರಿ ತೆಗೆದಳು. ಆಮೇಲೆ ಬೀಗಗಳು, ಬೀಗದ ಕೈಗೊಂಚಲುಗಳು. ಅಧ್ಯಕ್ಷರ ಎದುರಿಗೆ ಆ ದಿನ ನೀರು ಹಗುರವಿತ್ತು ಎಂದು ಬಾಯಿಬಿಡದ ಜನ, ಬಾಯಿಬಿಡದೆಯೇ ಸಾಲಾಗಿ ಬಂದು ಕೈಲಿದ್ದದ್ದನ್ನು ಚೀಲಕ್ಕೆ ಹಾಕಿ ಹೋದರು. ನಮ್ಮೂರಿನ ಧೈರ್ಯ ಅಷ್ಟರದು. ಆ ದಿನಕ್ಕೆ ಅಷ್ಟೇ ಬೇಕಾಗಿತ್ತು. ಯಂತ್ರ ಇಳಿಯಿತು. ಜಾಸ್ತಿಯೇ ಇಳಿಯಿತು. ಒಂದು ಗೊಂಚಲು ತೆಗೆದರು, ಎದ್ದಿತು. ಅದರಲ್ಲಿ ಒಂದು ಕೀಲಿಯನ್ನು ಮತ್ತೆ ಹಾಕಿದರು. ಬೆನ್ನು ನೀರಿಗೆ ಸಮನಾಗಿ ನಿಂತಿತು.

ಸಿರಿಂಜು ಒಂದು ಗುಟುಕು ಕುಡಿಯಿತು. ಶ್ರೀಕಂಠ – ೧ ತಲೆಬಾಗಿ ಒಳಗೆ ಹೋಯಿತು. ಈ ಸಲ ಯಾರೂ ನಗಲಿಲ್ಲ.

ಚಪ್ಪಡಿಯ ಅಡಿ ಏನಿದೆಯೆಂದು ನೋಡಲು ಇರುವುದು ಚಪ್ಪಡಿಯಲ್ಲಿನ ಬೆರಳಗಲದ ಬಿರುಕೊಂದೇ. ಕಂಠಿಯ ಕನ್ನಡಕಕ್ಕೆ ಅದು ಆಗದ ಕೆಲಸ. ನಾನು ಸೆರಗು ಸಿಕ್ಕಿಸಿ ಕಲ್ಲಿನ ಮೇಲೆ ಬೋರಲು ಮಲಗಿದೆ. ಎಪ್ಪತ್ತು ದಾಟಿದ ಹೆಂಗಸು ಕೆರೆಯ ಕಟ್ಟೆಯ ಮೇಲೆ ಹಾಗೆ ಮಲಗಿದ್ದನ್ನು ಊರು ಇನ್ನೂ ಮರೆತಿಲ್ಲ. ನನ್ನ ಮಂಡಿಯೂ ಮರೆತಿಲ್ಲ. ಯಾರೋ ನನ್ನ ಗಲ್ಲದ ಕೆಳಗೆ ಮಡಿಸಿದ ಟವೆಲ್ ತುರುಕಿದರು.

ಬಿರುಕಿಗೆ ಕಣ್ಣಿಟ್ಟವಳಿಗೆ ಕೊಳಗ ಕಂಡಿತು. ಅದು ತಳದ ಕೆಸರಿನಲ್ಲಿರಲಿಲ್ಲ. ನನ್ನ ಮೂಗಿನ ಕೆಳಗೇ, ಚಪ್ಪಡಿಗೆ ತಲೆ ತಾಗಿಸಿಕೊಂಡು ತೇಲುತ್ತಿತ್ತು. ಅಲೆ ಬಂದಾಗ ಮುಚ್ಚಳ ಕಲ್ಲಿಗೆ ಬಡಿಯುತ್ತಿತ್ತು. ಟಣ್. ಮೊಸಳೆ ಇದೇ. ಭಾರದ ನೀರಿನಲ್ಲಿ ಹಿತ್ತಾಳೆ ಕೊಳಗವೊಂದು ಹೀಗೆ ಮೇಲಕ್ಕೆ ಒತ್ತಬೇಕಾದರೆ ಅದರ ಹೊಟ್ಟೆಯಲ್ಲಿ ಇರಬೇಕಾದದ್ದು ಒಂದೇ: ಹಗುರದ ನೀರು. ಇಷ್ಟು ದಿನ ಅದು ಚಪ್ಪಡಿ ತಟ್ಟಿ ತಟ್ಟಿ ಸಾಕ್ಷಿ ಹೇಳುತ್ತಿತ್ತು, ನಾವು ಬೋರ್ಡು ನೆಟ್ಟಿದ್ದೆವು. ನನಗೆ ನಗು ತಡೆಯಲಾಗಲಿಲ್ಲ.

“ನಗಬೇಡ ಅಕ್ಕ, ದಾರಿ ಹೇಳು!”

“ಬಲಕ್ಕೆ. ನಿನ್ನ ಬಲ ಅಲ್ಲ ಕಣೋ, ಅದರ ಬಲ. ಇನ್ನೂ... ನಿಲ್ಲಿಸು. ಕಂಬ ಇದೆ. ಸ್ವಲ್ಪ ಉಗುಳಿಸು, ಮೇಲೆ ಬರಲಿ. ಮುಂದೆ... ಸಿಕ್ಕಿತು! ಕೊಳಗದ ಹಿಡಿಬಳೆಗೇ ಸಿಕ್ಕಿತು. ಈಗ ಹಿಂದೆ.”

ಹಿಂದೆ ಬರಲಿಲ್ಲ. ಕೆಳಗೆ ಕಟ್ಟಿದ್ದ ಚೀಲ ಎರಡು ಕಂಬಗಳ ನಡುವೆ ಸಿಕ್ಕಿಕೊಂಡಿತ್ತು. ಮೋಟಾರು ಗೊರಗೊರ ಎಂದಿತು. ಬ್ಯಾಟರಿ ಇಳಿಯುತ್ತಿದೆ ಎಂದು ಕಂಠಿ ಕೂಗಿದ. ಟಾರ್ಚು ಮಂಕಾಗುತ್ತಿತ್ತು. ನಾನು ತಲೆಯೆತ್ತಿ ದೇವೀರಿಯನ್ನು ನೋಡಿದೆ. ಅವಳು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದಳು.

“ಜಗ್ಗು” ಎಂದೆ. “ಹರಿದರೆ ಹರಿಯಲಿ.”

ಚೀಲ ಹರಿಯಿತು. ಅರ್ಧ ಊರಿನ ಬೀಗ, ಕೀಲಿ, ಮಾದಪ್ಪನ ಬಟ್ಟು ಎಲ್ಲ ಆ ಭಾರದ ನೀರಿನಲ್ಲೂ ತಳಕ್ಕೆ ಹೋದವು. ಹಗುರಾದ ಶ್ರೀಕಂಠ – ೧ ಹಿಂದು ಹಿಂದಾಗಿ ನುಗ್ಗಿ ಚಪ್ಪಡಿಯ ಹೊರಗೆ ಬಂದು, ನೀರು ಸೀಳಿಕೊಂಡು ಎದ್ದಿತು. ಅದರ ಕೊಕ್ಕೆ ಖಾಲಿಯಿತ್ತು. ಜನ ಅಯ್ಯೋ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅದರ ಹಿಂದೆಯೇ, ಯಾರೂ ಎಳೆಯದೆ, ಪುರಸಭೆಯ ಕೊಳಗ ತಾನಾಗಿ ಮೇಲೆ ಬಂದು ಬಾತುಕೋಳಿಯಂತೆ ತೇಲುತ್ತಾ ನಿಂತಿತು.

ಅಧ್ಯಕ್ಷರೇ ಮೊದಲು ಮಾತಾಡಿದರು. “ಪುರಸಭೆಯ ಸತತ ಪ್ರಯತ್ನದಿಂದ ಕೊಳಗ...”

“ಬುದ್ಧೀ, ಅದು ತೇಲ್ತಾ ಐತೆ” ಎಂದ ದೋಣಿಯವನು.

“ಖಾಲಿ ಇರಬೇಕು.”

ದೇವೀರಿ ಮೆಟ್ಟಿಲಿಳಿದು ಹೋಗಿ, ಎರಡು ಬೆರಳಲ್ಲಿ ಕೊಳಗ ಎತ್ತಿಕೊಂಡು ಬಂದಳು. ಕೊಂಡಿ ಬಿಗಿದಂತೆಯೇ ಇತ್ತು. ಎಲ್ಲರ ಎದುರಿಗೆ ಅದನ್ನು ಬಿಚ್ಚಿದಳು. ಕಂಠದವರೆಗೆ ನೀರು. “ಹಿಡ್ಕೊಂಡು ನೋಡಿ ಬುದ್ಧಿ” ಎಂದು ಅವರ ಕೈಗೆ ಕೊಟ್ಟಳು. ತುಂಬಿದ ಕೊಳಗವನ್ನು ಹಿಡಿಯುವ ಅಭ್ಯಾಸವಿಲ್ಲದ ಅಧ್ಯಕ್ಷರು ಹಲ್ಲು ಕಚ್ಚಿ, ಸೊಂಟ ಬಗ್ಗಿಸಿ, ಪೂರಾ ಬಲ ಹಾಕಿ ಎತ್ತಿದರು. ಕೊಳಗ ಹೂವಿನಂತೆ ಹಾರಿ ಅವರ ತಲೆಯ ಮೇಲಿಂದ ಹೋಯಿತು. ಅಧಿಕೃತ ನೀರು ಅವರ ರೇಷ್ಮೆ ಶಲ್ಯದ ಮೇಲೆ ಸುರಿದು, ಹಗುರವಾಗಿ ಇಳಿಯಿತು. ದೇವೀರಿ ಕೊಳಗವನ್ನು ಗಾಳಿಯಲ್ಲೇ ಹಿಡಿದಳು. ಎರಡನೇ ಸಲ ಪುರಸಭೆಯ ಆಸ್ತಿ ಕಳೆದ ಆಪಾದನೆ ಬೇಡವೆಂದು.

ಮರುದಿನದ ವಿಚಾರಣೆ ನಡೆಯಲಿಲ್ಲ. ಸದಸ್ಯರೆಲ್ಲರ ಮನೆಯ ಬೀಗ ಒಡೆಸುವ ಕೆಲಸವಿತ್ತು. ಕೀಲಿ ಕಳೆದುಕೊಂಡವರು ಯಾರೂ ನಮ್ಮ ಮನೆಗೆ ಬಂದು ಕೇಳಲಿಲ್ಲ. ಮಾದಪ್ಪ ಹೊಸ ಬಟ್ಟು ತಂದ. ಅದೂ ಒಂದು ಕೇಜಿ ಅಲ್ಲ. ದೇವೀರಿ ಮತ್ತೆ ಕಟ್ಟೆಗೆ ಬಂದಳು. ಮೊಸಳೆಯ ಬೋರ್ಡು ಮಾತ್ರ ಅಲ್ಲೇ ಇದೆ, ತೆಗೆಯಲು ನಿರ್ಣಯ ಬೇಕಂತೆ.

ಮುಂದಿನ ಭಾರದ ಬೆಳಗ್ಗೆ ನನ್ನ ಮೆಟ್ಟಿಲ ಮೇಲೆ ಎರಡು ಬಿಂದಿಗೆ ಇದ್ದವು. ಒಂದಕ್ಕೆ ಬಾಳೆಲೆ ಮುಚ್ಚಿತ್ತು. ಇನ್ನೊಂದು ಹೊಳೆಯುವ ತಾಮ್ರದ್ದು, ಬಾಯಿಗೆ ಬೆಳ್ಳಿ ತಟ್ಟೆ. ಅದನ್ನು ಇಟ್ಟು ಏದುಸಿರು ಬಿಡುತ್ತಾ ರಸ್ತೆಯ ತಿರುವಿನಲ್ಲಿ ಮರೆಯಾಗುತ್ತಿದ್ದವರ ರೇಷ್ಮೆ ಶಲ್ಯ ಒಂದು ಕಡೆ ಸೊಂಟದವರೆಗೆ ನೆನೆದು, ಆ ಕಡೆಯ ಭುಜ ಇನ್ನೊಂದಕ್ಕಿಂತ ಗೇಣಷ್ಟು ತಗ್ಗಿತ್ತು. ಕಿಟಕಿಯಿಂದ ನೋಡಬಾರದೆಂದಿಲ್ಲವಲ್ಲ. ನಾನು ಹೋಗಿ ತಾಮ್ರದ ಬಿಂದಿಗೆಯನ್ನು ಎತ್ತಲು ನೋಡಿದೆ. ನೆಲ ಬಿಟ್ಟು ಏಳಲಿಲ್ಲ. ಪಾಪ, ಆ ಮನುಷ್ಯ ಅದೇ ಬೆಳಗಿನ ನೀರನ್ನೇ, ವರ್ಷದಲ್ಲೇ ಭಾರವಾದದ್ದನ್ನು, ಕೆರೆಯಿಂದ ತುಂಬಿಕೊಂಡು ತಾವೇ ಹೊತ್ತು ತಂದಿದ್ದರು. ಹಗುರದ್ದು ತರಬೇಕೆಂದು ಅವರಿಗೆ ಯಾರು ಹೇಳಿಕೊಡಬೇಕು?

“ಕಂಠಿ” ಎಂದು ಕರೆದೆ. “ಭಾರದ ನೀರು ಬೇಕು ಅಂತಿದ್ದೆಯಲ್ಲ, ಎರಡನೇದನ್ನ ಹದ ಮಾಡೋದಕ್ಕೆ. ಬಾ, ಒಂದು ಕಡೆ ಹಿಡಿ. ಚೆಲ್ಲಬೇಡ.”